ಸೈರನ್ ಕೂಗದಿದ್ದರೆ ಆನೆ ಇಲ್ಲ

ಮತ್ತೆ ಅದೇ ನೀಲಿ ಕಿಟಕಿ, ಅದರ ಕೆಳಗೆ ಒಂದರ ಬಾಲವನ್ನೊಂದು ಹಿಡಿದು ಸುತ್ತುವ ಬಿಳಿ ಚುಕ್ಕೆಗಳು, ಸುತ್ತುತ್ತವೆ, ಸುತ್ತುತ್ತವೆ — ಬೇಡ ಮಾರಾಯ, ನೀನಲ್ಲ, ನಾನು ಕರೆದದ್ದು ಆ ಕಪ್ಪು ಪರದೆಯನ್ನು, ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಹೆಸರು, ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್, ಯಾರನ್ನು ಎಬ್ಬಿಸಲಿ ರೈಟ್ರೇ ಎಂದು ಕೈಕಟ್ಟಿ ನಿಂತು ಕೇಳುತ್ತಿದ್ದ ಮೆನು, ನಿನ್ನೆ ಸಂಜೆಯೂ ಕೇಳಿತ್ತು, ಇವತ್ತು ಕೇಳುವುದಿಲ್ಲ, ಸೀದಾ ವಿಂಡೋಸಿನ ಬಾಗಿಲಿಗೆ ಕೊಂಡುಹೋಗಿ ನಿಲ್ಲಿಸುತ್ತದೆ, ಆಫ್ ಮಾಡಿ ಆನ್ ಮಾಡಿದೆ, ವಯರ್ ಕಿತ್ತು ಊದಿ ಮತ್ತೆ ಸಿಕ್ಕಿಸಿದೆ, ಸಾವಿರ ಸಲ ಮಾಡಿರಬಹುದು, ಸಾವಿರ ಅಲ್ಲದಿದ್ದರೆ ಒಂಬೈನೂರು — ಆಗಲಿ, ಹತ್ತು, ಹತ್ತಕ್ಕೆ ಕಡಿಮೆ ಇಲ್ಲ. ಕಿಟಕಿಯಾಚೆ ಸಿಲ್ವರ್ ಓಕ್ ಮರಗಳ ತಲೆಯ ಮೇಲೆ ಬಿಸಿಲು ಇನ್ನೂ ಇದೆ, ಬುಡದಲ್ಲಿ ಇಲ್ಲ, ಬುಡದಲ್ಲಿ ಆಗಲೇ ನೆರಳು ಮಂದವಾಗಿ ಕೂತಿದೆ, ಕಣದಲ್ಲಿ ಹರಡಿದ ರೊಬಸ್ಟಾ ಕಾಫಿಯ ಹುಳಿ ವಾಸನೆ ಆಫೀಸಿನ ಒಳಗೂ ಬಂದು ಕೂತಿದೆ, ಹೊತ್ತಿದೆ, ಬೇಕಾದಷ್ಟು ಹೊತ್ತಿದೆ, ಆರರ ಬಸ್ಸು ಆರಕ್ಕೆ ಬಂದ ಇತಿಹಾಸವೇ ಇಲ್ಲ. ಕೊಡಗಿನಲ್ಲಿ ಎಸ್ಟೇಟ್ ರೈಟರುಗಳು ಕಾಫಿ ಗಿಡದಷ್ಟು ಇದ್ದಾರೆ, ಆಳುಗಳ ಹಾಜರಿ ಬರೆಯುವುದಕ್ಕೆ ಎಲ್ಲರಿಗೂ ಬರುತ್ತದೆ, ಆನೆಗಳಿಗೆ ಹಾಜರಿ ಹಾಕಿಸಿದ ರೈಟರ್ ನಾನೊಬ್ಬನೇ, ಈ ಲೋಕೇಶ, ಮೂರು ಕ್ಯಾಮೆರಾ, ಒಂದು ಹಾರ್ನ್, ಒಂದು ಹಳೆಯ ಕಂಪ್ಯೂಟರ್, ಹಗಲಿಗೆ ವಿಂಡೋಸ್ ಕಾಫಿ ತೂಗುವುದಕ್ಕೆ, ಸಂಜೆಯಾದರೆ ಲಿನಕ್ಸ್ ಆನೆ ಕಾಯುವುದಕ್ಕೆ, ಒಂದೇ ಮನೆಯಲ್ಲಿ ಇಬ್ಬರು ಸೊಸೆಯರನ್ನು ಜಗಳವಿಲ್ಲದೆ ಇಟ್ಟಿದ್ದೆ, ಅದು ದೊಡ್ಡ ದೊಡ್ಡವರಿಂದ ಆಗದ ಕೆಲಸ. ಉತ್ತಯ್ಯ ಸಾರಿಗೆ ಹೊಸ ತೂಕದ ಸಾಫ್ಟ್‌ವೇರ್ ಬೇಕಾಯಿತು, ಅದು ಹಳೆಯ ವಿಂಡೋಸಿನಲ್ಲಿ ಕೂರುವುದಿಲ್ಲವಂತೆ, ಹೊಸದು ಬೇಕಂತೆ, ಕುಶಾಲನಗರದಿಂದ ನಿನ್ನ ಬಾಮೈದನನ್ನು ಕರೆಸು ಲೋಕೇಶ ಎಂದರು, ಮಾಲೀಕರು ಒಳ್ಳೆಯವರು, ನನ್ನ ಬಾಯಿ ಒಳ್ಳೆಯದಲ್ಲ, ಅವನ್ಯಾಕೆ ಸಾರ್, ಅರ್ಧ ಗಂಟೆ ಕೆಲಸ, ಕಣ್ಣು ಮುಚ್ಚಿ ಹಾಕ್ತೇನೆ ಎಂದೆ, ಹಾಕಿದೆ, ಹಳೆಯದನ್ನು ಒರೆಸಿ ಅದೇ ಜಾಗಕ್ಕೆ ಹೊಸದನ್ನು ಹಾಕಿದೆ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಕೂತಿತು, ಕೂತದ್ದೇ ಕೂತದ್ದು, ಬಾಗಿಲಲ್ಲಿದ್ದ ಮೆನುವನ್ನು ಕಾಲಲ್ಲಿ ಒರೆಸಿ ಹಾಕಿತು, ಈಗ ಲಿನಕ್ಸ್ ಒಳಗೇ ಇದೆ, ಜೀವಂತ ಇದೆ, ಕೋಣೆಗೆ ಬಾಗಿಲು ಮಾತ್ರ ಇಲ್ಲ.

ಕಣ್ಣು ಮುಚ್ಚಿ ಹಾಕಿದ್ದೇ ತಪ್ಪಾಯಿತೋ ಏನೋ. ಕಿಟಕಿಯಲ್ಲಿ ತಲೆ, ವಾಚ್‌ಮನ್ ಪೂವಯ್ಯ, ಎಲೆಯಡಿಕೆ ತುಂಬಿದ ಬಾಯಿ, ಪಂಪ್‌ಹೌಸಿಗೆ ಹೊರಟವನು, ರೈಟ್ರೇ ಕೆರೆ ಹತ್ರ ಲದ್ದಿ ಬಿದ್ದುಂಟು, ಮುಟ್ಟಿ ನೋಡ್ದೆ, ಬಿಸಿ ಉಂಟು, ಒಂಟಿ ಸಲಗ ಅಂತ ಕಾಣ್ತದೆ, ಸೈರನ್ ಸರಿ ಉಂಟಲ್ಲ — ನನ್ನ ಕೈ ಮೌಸಿನ ಮೇಲೆ, ಪರದೆ ನನ್ನ ಕಡೆಗೆ, ಅವನಿಗೆ ಕಾಣುವುದಿಲ್ಲ, ಉಂಟು ಪೂವಯ್ಯಣ್ಣ ಎಂದೆ, ನಾಲಿಗೆ ನನಗಿಂತ ಮೊದಲೇ ಹೇಳಿ ಮುಗಿಸಿತು, ಉಂಟು, ಒಳ್ಳೇ ಕಂಡೀಶನ್, ಅದು ಕೂಗದಿದ್ರೆ ಆನೆ ಇಲ್ಲ ಅಂತ್ಲೇ ಲೆಕ್ಕ. ಅವನು ತಲೆಯಾಡಿಸಿ ಹೋದ, ಅವನು ಹೋಗುವುದು ಗುಡ್ಡದ ಆಚೆ ಬದಿಗೆ, ಅಲ್ಲಿ ಆನೆ ಬರುವುದಿಲ್ಲ, ಅವನಿಗೇನೂ ಆಗುವುದಿಲ್ಲ, ಪಿಕ್ಕಿಂಗಿನ ಹೆಂಗಸರೆಲ್ಲ ತೂಕ ಮುಗಿಸಿ ಲೈನಿನ ಮನೆಗಳಿಗೆ ಹತ್ತಿಯಾಯಿತು, ಲೈನು ಮೇಲಿದೆ, ಬೇಲಿ ಇದೆ, ಅಲ್ಲಿ ಹೊಗೆ ಏಳುತ್ತಿದೆ, ಯಾರಿಗೂ ಏನೂ ಆಗುವುದಿಲ್ಲ, ಕೆಳಗೆ ಹೊಳೆಯ ಬದಿಯ ದಾರಿಯಲ್ಲಿ ಈ ಹೊತ್ತಿಗೆ ನಡೆಯುವ ಜೀವ ಒಂದೇ ಒಂದು. ಬಿಸಿ ಉಂಟು ಎಂದನಲ್ಲ. ಎಷ್ಟು ಬಿಸಿ ಎಂದು ಕೇಳಬೇಕಿತ್ತು. ಅನ್ನದಷ್ಟೋ, ಕಾಫಿಯಷ್ಟೋ.

ಸುಮಿತಾ ನೆಲ್ಯಹುದಿಕೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಸಂಜೆ ಆರರ ಬಸ್ಸಿನಲ್ಲಿ ಬಂದು ಹೊಳೆಯ ಹತ್ತಿರ ಇಳಿಯುತ್ತಾಳೆ, ಅಲ್ಲಿಂದ ತೋಟದ ಒಳದಾರಿ, ಹಲಸಿನ ಮರದ ತಿರುವು, ಆಮೇಲೆ ಏರು, ಏರಿದರೆ ನಮ್ಮ ಕ್ವಾರ್ಟರ್ಸು. ಮೊದಲೆಲ್ಲ ನಾನು ಬೈಕಿನಲ್ಲಿ ಹೋಗಿ ಕರೆದುಕೊಂಡು ಬರುತ್ತಿದ್ದೆ, ಸುತ್ತು ದಾರಿ, ಡಾಂಬರು ಹಿಡಿದು ಊರೆಲ್ಲ ಬಳಸಿ ಹೋಗಬೇಕು, ಸೈರನ್ ಹಾಕಿಸಿದ ಮೇಲೆ ಬಿಟ್ಟೆ, ಇನ್ನು ನೀನು ರಾಣಿ ಹಾಗೆ ನಡ್ಕೊಂಡು ಬಾ, ನಾನಿಲ್ಲಿ ಕೂತೇ ಆನೆ ಓಡಿಸ್ತೇನೆ, ಹಾರ್ನ್ ಕೂಗಿದ್ರೆ ಬಸ್‌ಸ್ಟಾಪಿನ ಅಂಗಡಿಯಲ್ಲಿ ನಿಲ್ಲು, ಕೂಗದಿದ್ರೆ ಬಾ, ಎಂದೆ. ಆ ಹಾರ್ನಿನ ಕೂಗು ಎಂಥದ್ದು, ಇಲ್ಲಿ ಕೂಗಿದರೆ ಮೂರ್ನಾಡಿನಲ್ಲಿ ಕೋಳಿಗಳು ಮೊಟ್ಟೆ ಇಡುವುದನ್ನು ಅರ್ಧಕ್ಕೆ ನಿಲ್ಲಿಸುತ್ತವೆ, ಕ್ಯಾಮೆರಾ ಆನೆಯನ್ನು ನೋಡುತ್ತದೆ, ಒಮ್ಮೆ ನೋಡಿ ನಂಬುವುದಿಲ್ಲ, ಮತ್ತೆ ಮತ್ತೆ ನೋಡುತ್ತದೆ, ಆನೆಯೇ ಎಂದು ಗಟ್ಟಿಯಾದ ಮೇಲೆ ಕೂಗುತ್ತದೆ, ಹೋದ ವರ್ಷದಿಂದ ಒಂದೇ ಒಂದು ಸಲ ತಪ್ಪಿದ್ದು, ಲೈನಿನ ಚೋಮಿಯ ಎಮ್ಮೆಯನ್ನು ಕಂಡು ಕೂಗಿತು, ಆ ಎಮ್ಮೆಯೂ ಹೆಚ್ಚುಕಡಿಮೆ ಆನೆಯೇ. ಸುಮಿತಾ ನನ್ನ ಯಾವ ಮಾತನ್ನೂ ನಂಬಿದವಳಲ್ಲ, ಮದುವೆಯ ಹೊಸತರಲ್ಲಿ ಹುಲಿಯ ಬಾಲ ಹಿಡಿದ ಕಥೆ ಹೇಳಿದೆ, ಕೇಳಿ ಮುಗಿಸಿ, ಹುಲಿಗೆ ನಿಮ್ಮ ಹೆಸರು ನೆನಪುಂಟಾ ಎಂದಳು, ಮಾಕುಟ್ಟದ ಕಡೆಯವಳು, ಕಾಡಿನ ಅಂಚಿನಲ್ಲಿ ಹುಟ್ಟಿದವಳಿಗೆ ಹುಲಿಯ ಕಥೆ ಹೇಳಿದ್ದು ನನ್ನದೇ ತಪ್ಪು, ಆದರೆ ಈ ಸೈರನ್ ಒಂದನ್ನು ನಂಬಿದಳು, ಅಂಗಡಿಗೆ ಬಂದ ಹೆಂಗಸರಿಗೆಲ್ಲ ಹೇಳಿದ್ದಾಳಂತೆ, ನನ್ನ ಗಂಡ ಹೇಳುವುದು ಪೂರಾ ಬಂಡಲ್ಲು, ಸೈರನ್ ಮಾತ್ರ ಸತ್ಯ. ಬಸ್ಸಿನ ಕಂಡಕ್ಟರ್ ನನಗೆ ಹೇಳಿದ್ದು. ಆವತ್ತು ರಾತ್ರಿ ನಾನು ಎರಡು ತಟ್ಟೆ ಅನ್ನ ಹೆಚ್ಚು ಉಂಡೆ. ಇವತ್ತು ನಾಲ್ಕೂವರೆಗೆ ಮೆನು ಇಲ್ಲ ಎಂದು ಗೊತ್ತಾದಾಗ ಅವಳು ಅಂಗಡಿಯಲ್ಲೇ ಇದ್ದಳು, ಫೋನ್ ಸಿಗುತ್ತಿತ್ತು, ಡಯಲ್ ಮಾಡಿದೆ, ಒಂದು ರಿಂಗ್ ಆಯಿತು, ಕಟ್ ಮಾಡಿದೆ, ಏನು ಹೇಳುವುದು, ಸೈರನ್ ಹೋಗಿದೆ ಎನ್ನುವುದೇ, ಇನ್ನೆರಡು ನಿಮಿಷದಲ್ಲಿ ಸರಿ ಆಗುವುದಕ್ಕೆ ಯಾಕೆ ಹೇಳುವುದು, ಇನ್ನೆರಡೇ ನಿಮಿಷ, ಆಗಿನಿಂದ ಎರಡೆರಡೇ ನಿಮಿಷ ಕಳೆಯುತ್ತಾ ಬಿಸಿಲು ಓಕ್ ಮರದ ತುದಿಗೆ ಹತ್ತಿದೆ. ಈಗ ಮಾಡಿದರೆ — ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ, ಆ ಹೆಂಗಸಿನ ದನಿ, ಎಷ್ಟು ಸಮಾಧಾನ ಅವಳಿಗೆ, ಅವಳ ಮನೆಯವರು ಯಾರೂ ಯಾವತ್ತೂ ಹೊಳೆಯ ದಾರಿಯಲ್ಲಿ ಇಳಿದಿಲ್ಲ.

ಪ್ರಜ್ಞೇಶ್ ಫೋನ್ ಎತ್ತಿದ. ಬಾಮೈದ, ಸುಮಿತಾಳ ತಮ್ಮ, ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ಈ ಲಿನಕ್ಸನ್ನು ಹಾಕಿಕೊಟ್ಟದ್ದು ಅವನೇ ಎಂದು ಜನ ಹೇಳುತ್ತಾರೆ, ಜನಕ್ಕೇನು, ಏಣಿ ಹಿಡಿದದ್ದು ಯಾರು, ಮೂರೂ ಮರಕ್ಕೆ ಹತ್ತಿ ಕ್ಯಾಮೆರಾ ಕಟ್ಟಿದ್ದು ಯಾರು — ಏನೋ ತಿನ್ನುತ್ತಿದ್ದಾನೆ, ಅಗಿಯುವ ಸದ್ದು, ಎಂತ ಭಾವ, ವಿಂಡೋಸ್ ನೀವೇ ಹಾಕಿದ್ರಾ, ಮೆನು ಹೋಯ್ತಾ, ಹೋಗ್ತದೆ, ನನ್ನತ್ರ ಒಂದು ಮಾತು ಕೇಳಿದ್ರೆ ನಿಮ್ಮ ಮೀಸೆ ಉದುರ್ತಿತ್ತಾ. ನಾನು ನಕ್ಕೆ, ಅವನಿಗೆ ಕೇಳುವ ಹಾಗೆ ನಕ್ಕೆ, ಎಂತ ಇಲ್ಲ ಮಾರಾಯ, ಸುಮ್ನೆ ಹೊತ್ತು ಹೋಗ್ಲಿಕ್ಕೆ ಒಂದು ಪ್ರಯೋಗ, ಅರ್ಜೆಂಟಿಲ್ಲ — ಅರ್ಜೆಂಟಿಲ್ಲ ಎಂದೆ, ಯಾಕೆ ಹಾಗೆ ಎಂದೆ, ನಾಲಿಗೆಗೆ ಬೇರೆ ಯಜಮಾನ ಇದ್ದಾನೆ. ಅಕ್ಕ ಎಲ್ಲಿ ಎಂದ. ಮನೆಯಲ್ಲಿದ್ದಾಳೆ, ಅಡುಗೆ ಮಾಡ್ತಾ ಇದ್ದಾಳೆ ಎಂದೆ. ಸರಿ ಹಾಗಾದ್ರೆ ನಿಧಾನಕ್ಕೆ ಮಾಡುವ ಎಂದು ಅವನು ನಿಧಾನವಾದ. ನಾನು ಕೊಟ್ಟ ಪೆನ್‌ಡ್ರೈವ್ ಉಂಟಾ ಭಾವ, ಅದ್ರಲ್ಲಿ ಲಿನಕ್ಸ್ ಉಂಟು, ಅದ್ರಿಂದ ಎಬ್ಬಿಸಿ ಒಳಗೆ ಹೋಗಿ ಬಾಗಿಲು ಇಡಬೇಕು. ಎಳೆದ ಡ್ರಾಯರಿನಲ್ಲಿ ಏನೆಲ್ಲ ಇದೆ, ತುಕ್ಕು ಹಿಡಿದ ಪಿನ್ನು, ಸ್ಟಾಂಪಿನ ಶಾಯಿ, ಯಾರದ್ದೋ ಮದುವೆಯ ಕರೆಯೋಲೆ, ಒಣ ಕಿತ್ತಳೆ ಸಿಪ್ಪೆ, ಪೆನ್‌ಡ್ರೈವ್ ಇಲ್ಲ, ಇಲ್ಲ, ಇಲ್ಲ, ಡ್ರಾಯರನ್ನೇ ಕಿತ್ತು ಮೇಜಿನ ಮೇಲೆ ಬೋರಲು ಹಾಕಿದೆ — ಇದೆ, ಬೆಂಕಿಪೊಟ್ಟಣದ ಒಳಗೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲಿ ಎಂದು ನಾನೇ ಅಕ್ಕಿಯ ಜೊತೆ ಹಾಕಿಟ್ಟದ್ದು, ನನ್ನಂಥ ಬುದ್ಧಿವಂತ ಇಲ್ಲ. ಸಿಕ್ಕಿಸಿ ಆನ್ ಮಾಡಿ ಎಫ್ ಹನ್ನೆರಡು ಒತ್ತಿ ಎಂದ, ಒತ್ತಿದೆ, ಬಿಟ್ಟು ಬಿಟ್ಟು ಒತ್ತಿದೆ, ಕುಂಬಳಕಾಯಿ ಗುದ್ದುವವನ ಹಾಗೆ ಒತ್ತಿದೆ, ಎರಡು ಮಾತು ಬಂತು, ನೋಡುವುದೋ ಹೊಸದಾಗಿ ಹಾಕುವುದೋ ಎಂದು, ನೋಡುವುದನ್ನೇ ಒತ್ತಿ ಭಾವ, ಇನ್ನೊಂದನ್ನು ಮುಟ್ಟಿದ್ರೆ ಎಲ್ಲ ಒರೆಸಿ ಹೋಗ್ತದೆ, ನಿಮ್ಮ ಆನೆ ಗೀನೆ ಎಲ್ಲ. ಬೆರಳು ಅಲ್ಲೇ ನಿಂತಿತು. ಮೇಲಿನದಾ ಕೆಳಗಿನದಾ ಪ್ರಜ್ಞೇಶ. ಓದ್ಲಿಕ್ಕೆ ಬರ್ತದಲ್ಲ ಭಾವ ನಿಮ್ಗೆ ಎಂದ, ಮತ್ತೆ ಅಗಿದ, ಚಕ್ಕುಲಿ ಇರಬೇಕು.

ಕೆನ್ನೇರಳೆ ಬಣ್ಣ ಬಂತು, ಪೆನ್‌ಡ್ರೈವಿನ ಲಿನಕ್ಸ್, ಇದು ನನ್ನ ಲಿನಕ್ಸ್ ಅಲ್ಲ, ಇದರಲ್ಲಿ ಕ್ಯಾಮೆರಾ ಇಲ್ಲ, ಇದು ನೆಂಟರ ಮನೆ, ಇಲ್ಲಿಂದ ಗೋಡೆ ಹಾರಿ ನನ್ನ ಮನೆಗೆ ಹೋಗಬೇಕು. ಕಪ್ಪು ಡಬ್ಬಿ ತೆರೆದೆ, ಅದಕ್ಕೆ ಟರ್ಮಿನಲ್ ಎಂದು ಹೆಸರು, ಬರೆದದ್ದನ್ನು ಬರೆದ ಹಾಗೇ ಮಾಡುತ್ತದೆ, ನಾಚಿಕೆ ಮಾನ ಇಲ್ಲ, ತಪ್ಪು ಬರೆದರೆ ತಪ್ಪನ್ನೇ ಮಾಡುತ್ತದೆ, ನೀವು ಖಂಡಿತವಾಗಿ ಹೀಗೆಯೇ ಹೇಳಿದ್ದಾ ರೈಟ್ರೇ ಎಂದು ಕೇಳುವ ಮರ್ಯಾದೆ ಇಲ್ಲ. ಅವನು ಹೇಳಿದ, ನಾನು ಕುಟ್ಟಿದೆ, ಲಿನಕ್ಸ್ ಇರುವ ಕೋಣೆ ಯಾವುದು ನೋಡಿ, ಐದನೆಯದಾ, ಅದನ್ನು ಮೌಂಟ್ ಮಾಡಿ, ಅಂದ್ರೆ ತೆರೆದಿಡಿ, ಸರಿ, ಈಗ ಗ್ರಬ್ ಇನ್‌ಸ್ಟಾಲ್, ಗ್ರಬ್ ಅಂದ್ರೆ ಆ ಮೆನುವೇ ಭಾವ, ಕೊನೆಗೆ ಡಿಸ್ಕಿನ ಹೆಸರು ಹಾಕಿ — ಆಗಲೇ ಕೆಳಗಿನಿಂದ, ಹೊಳೆಯ ಕಡೆಯಿಂದ, ಒಂದು ಹಾರ್ನ್, ನನ್ನದಲ್ಲ, ಬಸ್ಸಿನದು, ಸೇತುವೆಗೆ ಮೊದಲು ಎರಡು ಸಲ ಒತ್ತುತ್ತಾನೆ ಆ ಡ್ರೈವರ್, ಇವತ್ತೇ ಬೇಗ ಬರಬೇಕಿತ್ತೇ ಅವನಿಗೆ, ಹುಟ್ಟಿದಾಗಿನಿಂದ ತಡ ಮಾಡಿದವನು — ನನ್ನ ಬೆರಳು ಯಾವುದನ್ನೋ ಕುಟ್ಟಿತು, ಎಂಟರ್ ಹೊಡೆಯಿತು, ಯಾವ ತಕರಾರೂ ಇಲ್ಲ ಎಂದು ಬಂತು, ನಾನು ಗೆದ್ದೆ ಎಂದುಕೊಂಡೆ, ಎಷ್ಟು ಸಂತೋಷ, ಬಸ್ಸು ಇಳಿದು ಅವಳು ಅಂಗಡಿಯಲ್ಲಿ ಮೊಟ್ಟೆಯೋ ಬ್ರೆಡ್ಡೋ ಕೊಂಡರೆ ಸಾಕು, ಮಾತಿಗೆ ನಿಂತರೆ ಸಾಕು, ಸುಮಿತಾ ಇವತ್ತೊಂದು ದಿನ ಮಾತಾಡು, ಯಾರ ಜೊತೆಯಾದರೂ, ನನ್ನನ್ನು ಬೈಯುವುದಿದ್ದರೆ ಅದನ್ನೇ ನಿಂತು ಬೈಯಿ. ಪೆನ್‌ಡ್ರೈವ್ ಕಿತ್ತೆ, ಆನ್ ಮಾಡಿದೆ. ನೀಲಿ ಕಿಟಕಿ. ಒಂದರ ಬಾಲವನ್ನೊಂದು ಹಿಡಿದ ಬಿಳಿ ಚುಕ್ಕೆಗಳು. ಬರಲಿಲ್ಲ ಪ್ರಜ್ಞೇಶ. ಕೊನೆಗೆ ಎಂತ ಹಾಕಿದ್ರಿ. ನೀನು ಹೇಳಿದ್ದೇ. ಎಸ್‌ಡಿಎ ಹಾಕಿದ್ರಾ ಎಸ್‌ಡಿಬಿ ಹಾಕಿದ್ರಾ. ಬಿ ಎಂದೆ. ಎ ಅಂದ್ರೆ ಕಂಪ್ಯೂಟರಿನ ಡಿಸ್ಕ್, ಬಿ ಅಂದ್ರೆ ಪೆನ್‌ಡ್ರೈವ್ ಭಾವ, ಮೆನುವನ್ನು ಪೆನ್‌ಡ್ರೈವಿಗೆ ಇಟ್ಟಿದ್ದೀರಿ, ಈಗ ಬಾಗಿಲು ನಿಮ್ಮ ಕೈಯಲ್ಲುಂಟು, ಮನೆ ಅಲ್ಲಿ ಉಂಟು, ಎಂದು ನಕ್ಕ, ದೊಡ್ಡದಾಗಿ ನಕ್ಕ, ನಗುತ್ತಾ ನಗುತ್ತಾ ನಿಲ್ಲಿಸಿದ. ಆಮೇಲೆ ಅವನ ದನಿಯೇ ಬೇರೆ. ಭಾವ. ಅಕ್ಕ ಈಗ ಮೆಸೇಜ್ ಹಾಕಿದ್ದಾಳೆ, ಬಸ್ಸಲ್ಲಿದ್ದೇನೆ, ಅಮ್ಮನಿಗೆ ಮಾತ್ರೆ ಕೊಡು ಅಂತ. ಅದು ಬಸ್ಸು ಇಳಿಯುವ ಮೊದಲು ಎಲ್ಲೋ ಸಿಗ್ನಲ್ ಸಿಕ್ಕಿ ಹೋದದ್ದು. ನಾನು ಹೇಳಿದೆ, ಹಳೆಯ ಮೆಸೇಜ್ ಇರಬೇಕು, ನೆಟ್‌ವರ್ಕ್ ಹೀಗೇ ಅಲ್ವಾ ಇಲ್ಲಿ. ಅವನು ಅಗಿಯುತ್ತಿರಲಿಲ್ಲ. ಭಾವ, ಸೈರನ್ ಆಫ್ ಉಂಟಾ ಈಗ. ಇಡೀ ಜನ್ಮದಲ್ಲಿ ನನಗೆ ಉತ್ತರ ಹೊಳೆಯದ ಪ್ರಶ್ನೆ ಯಾವುದೂ ಇರಲಿಲ್ಲ, ವಕೀಲರನ್ನು ಸೋಲಿಸಿದ್ದೇನೆ, ಮಡಿಕೇರಿಯಲ್ಲಿ ಒಬ್ಬ ಪೊಲೀಸನ ಕೈಯಲ್ಲೇ ನನ್ನ ಬೈಕಿಗೆ ಪೆಟ್ರೋಲ್ ಹಾಕಿಸಿದ್ದೇನೆ, ಈ ಪ್ರಶ್ನೆಗೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್‌ಡ್ರೈವ್ ಹಾಕಿ ಎಂದ. ಎಫ್ ಹನ್ನೆರಡು.

ಬೈಕ್ ಹತ್ತಿ ಹೋಗಲೇ, ಹೋಗಬಹುದು, ಸುತ್ತಿ ಬರುವಾಗ ಅವಳು ದಾರಿಯ ನಡುವೆ ಇರುತ್ತಾಳೆ, ನಾನು ಹಿಂದಿನಿಂದ ಬೈಕಿನ ಸದ್ದು ಮಾಡಿಕೊಂಡು ಹೋಗಿ ಒಂಟಿಯನ್ನು ಅವಳ ಮೇಲೇ ಎಬ್ಬಿಸಿದ ಹಾಗಾಗುತ್ತದೆ, ಓಡಿ ಇಳಿಯಲೇ, ಬಂಡೆಯ ಮೇಲಿನ ಇಳಿಜಾರು, ಕಾಲು ಗಂಟೆ, ಕೂಗಲೇ, ಕೂಗಿದರೆ ಕೇಳಿಸುವುದಿಲ್ಲ, ಮೂರ್ನಾಡಿನ ಕೋಳಿಗೆ ಕೇಳಿಸುವ ಕೂಗು ನನ್ನದಲ್ಲ, ಹಾರ್ನಿನದು — ನೋಡುವುದನ್ನೇ ಒತ್ತಿ ಎಂದ, ಒತ್ತಿದೆ, ಕೆನ್ನೇರಳೆ, ಎಷ್ಟು ನಿಧಾನ ಈ ಕೆನ್ನೇರಳೆ, ಮೌಂಟ್ ಮಾಡಿ, ಮಾಡಿದೆ, ಅಕ್ಷರ ಅಕ್ಷರ ಹೇಳ್ತೇನೆ, ಕುಟ್ಟಿ, ನೀವು ಮಾತಾಡ್ಬೇಡಿ ಭಾವ. ಮಾತಾಡುತ್ತಿಲ್ಲ. ಜಿ. ಆರ್. ಯು. ಬಿ. ನನಗಿಂತ ಚಿಕ್ಕವನು, ನನ್ನ ಮದುವೆಯಲ್ಲಿ ನನ್ನ ಚಪ್ಪಲಿ ಅಡಗಿಸಿಟ್ಟು ದುಡ್ಡು ಕಿತ್ತವನು, ಈಗ ಶಾಲೆಯ ಮೇಷ್ಟರ ಹಾಗೆ ಹೇಳುತ್ತಿದ್ದಾನೆ, ದನಿಯಲ್ಲಿ ಏನೂ ಇಲ್ಲ, ಒಣಗಿದ ದನಿ, ಕೊನೆಯದು, ಎಸ್‌ಡಿಎ, ಬಿ ಅಲ್ಲ, ಎ, ಓದಿ ಹೇಳಿ ನಂಗೆ. ಎ, ಎಂದು ಓದಿದೆ. ಇನ್ನೊಂದ್ಸಲ. ಎ. ಹೊಡೀರಿ. ಹೊಡೆದೆ. ಬಿಳಿಯ ಗೆರೆಯೊಂದು ಕಣ್ಣು ಮಿಟುಕಿಸುತ್ತಾ ನಿಂತಿತು, ಬದುಕಿದೆಯೋ ಇಲ್ಲವೋ ತಿಳಿಯದ ಹಾಗೆ, ಮಿಟುಕಿತು, ಮಿಟುಕಿತು, ತಕರಾರಿಲ್ಲ ಎಂದಿತು. ಪೆನ್‌ಡ್ರೈವ್ ತೆಗೆದು ಆನ್ ಮಾಡಿ. ಆನ್ ಮಾಡಿದೆ, ಕಣ್ಣು ಮುಚ್ಚಿದೆ, ಮುಚ್ಚಬಾರದು ಎಂದು ತೆರೆದೆ, ಕಪ್ಪು, ಬರೀ ಕಪ್ಪು, ಕಪ್ಪಿನ ಮೇಲೆ ಎರಡು ಹೆಸರು, ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್, ಏನೂ ಆಗಿಲ್ಲ ಎನ್ನುವ ಹಾಗೆ, ಯಾರನ್ನು ಎಬ್ಬಿಸಲಿ ರೈಟ್ರೇ — ಬಂತು ಪ್ರಜ್ಞೇಶ, ಬಂತು, ಬಂದೇ ಬಿಟ್ಟಿತು, ನಾನು ಹೇಳಿರಲಿಲ್ವಾ ಎನ್ನಲು ಹೊರಟ ನಾಲಿಗೆಯನ್ನು ಕಚ್ಚಿದೆ, ಉಪ್ಪು ರುಚಿ. ಲಿನಕ್ಸ್ ಒತ್ತಿ ಭಾವ, ಎಂತ ನೋಡ್ತಾ ಇದ್ದೀರಿ.

ಓಕ್ ಮರದ ತುದಿಯಲ್ಲೂ ಬಿಸಿಲಿಲ್ಲ. ನನ್ನ ಲಿನಕ್ಸ್ ಏಳುತ್ತಿದೆ, ಮೈಮುರಿಯುತ್ತಿದೆ, ಕ್ಯಾಮೆರಾದ ಮೂರು ಚೌಕಗಳು ಒಂದೊಂದೇ ತೆರೆಯುತ್ತವೆ, ಒಂದು ಗೇಟು, ಗೇಟಿನಲ್ಲಿ ನಾಯಿ ಮಲಗಿದೆ, ಎರಡು ಕೆರೆ, ಕೆರೆಯಲ್ಲಿ ನೀರು, ಯಾರೂ ಇಲ್ಲ, ಒಳ್ಳೆಯದು, ಕೆರೆಯಿಂದ ಹೋಗಿದೆ, ಎಲ್ಲಿಗೆ ಹೋಗಿದೆ, ಮೂರು ಇನ್ನೂ ಕಪ್ಪು, ಮೂರು ಹಲಸಿನ ತಿರುವು. ಅಲ್ಲಿಂದ ಚಿತ್ರ ಓಡುತ್ತಾ ಬರುವುದಿಲ್ಲ, ತಗ್ಗಿನ ಜಾಗ, ಸಿಗ್ನಲ್ ಕುಂಟುತ್ತದೆ, ಒಂದು ಚಿತ್ರ ಬರುತ್ತದೆ, ಬಂದು ನಿಲ್ಲುತ್ತದೆ, ಉಸಿರು ಬಿಡುವಷ್ಟು ಹೊತ್ತು ಕಳೆದು ಇನ್ನೊಂದು. ಮೊದಲನೆಯದು ಬಂತು. ದಾರಿ, ಹಲಸಿನ ಬೊಡ್ಡೆ, ಆಚೆ ಕಾಫಿ ಗಿಡಗಳ ನಡುವೆ ಒಂದು ಬಂಡೆ, ದೂರದಲ್ಲಿ ತಿರುವಿನ ಕಡೆಗೆ ಬರುತ್ತಿರುವ ಒಂದು ಹಳದಿ ಚುಕ್ಕೆ, ಅದು ಅವಳ ಸೀರೆ. ಅಲ್ಲಿ ಬಂಡೆ ಇಲ್ಲ. ಈ ತೋಟದ ಒಂದೊಂದು ಕಲ್ಲೂ ನನಗೆ ಗೊತ್ತು, ಇದು ಬಡಾಯಿ ಅಲ್ಲ, ಅಲ್ಲಿ ಬಂಡೆ ಇಲ್ಲ. ಎರಡನೆಯದು. ಬಂಡೆಗೆ ಕಿವಿ ಬಂದಿದೆ, ಹರಡಿದ ಕಿವಿ, ಯಂತ್ರ ಅದರ ಸುತ್ತ ಕೆಂಪು ಚೌಕ ಎಳೆದಿದೆ, ಕಂಡಿತು, ನನ್ನ ಯಂತ್ರಕ್ಕೆ ಕಂಡಿತು, ಈಗ ಮತ್ತೆ ಮತ್ತೆ ನೋಡಿ ಗಟ್ಟಿ ಮಾಡಿಕೊಳ್ಳುತ್ತದೆ, ಆಮೇಲೆ ಕೂಗುತ್ತದೆ, ಕೂಗು, ಕೂಗು — ಹಾರ್ನ್ ಎಲ್ಲಿದೆ. ಹಾರ್ನ್ ಹಲಸಿನ ಮರದಲ್ಲಿದೆ. ಆನೆಯ ತಲೆಯ ಮೇಲೆ. ಆನೆಯ ಮುಖ ತಿರುವಿನ ಕಡೆಗಿದೆ. ಅವಳು ತಿರುವಿನಲ್ಲಿದ್ದಾಳೆ. ಮೂರ್ನಾಡಿನ ಕೋಳಿಗೆ ಕೇಳಿಸುವ ಸದ್ದು ತಲೆಯ ಮೇಲೆ ಸಿಡಿದರೆ ಅದು ಎಲ್ಲಿಗೆ ಓಡುತ್ತದೆ, ಮುಖವಿದ್ದ ಕಡೆಗೇ ಓಡುತ್ತದೆ. ಪ್ರಜ್ಞೇಶ ಕೂಗ್ತಾ ಉಂಟಾ ಎಂದು ಕೇಳುತ್ತಿದ್ದಾನೆ, ಸೈರನ್ ಕೂಗ್ತಾ ಉಂಟಾ ಭಾವ, ಫೋನು ಮೇಜಿನ ಮೇಲೆ ಬಿದ್ದಿದೆ, ನಾನು ಗೋಡೆಯ ಹತ್ತಿರ ಇದ್ದೇನೆ, ಹಾರ್ನಿನ ಕರೆಂಟಿಗೆ ಗೋಡೆಯಲ್ಲಿ ಬೇರೆ ಸ್ವಿಚ್ಚಿದೆ, ಅದರಿಂದ ಕೂಗಿಸಲು ಆಗುವುದಿಲ್ಲ, ಬಾಯಿ ಮುಚ್ಚಿಸಲು ಆಗುತ್ತದೆ, ಕೆಂಪು ಸ್ವಿಚ್ಚು, ಇಡೀ ಸಂಜೆ ಯಾವುದನ್ನು ಕೂಗಿಸಲು ಸತ್ತೆನೋ ಅದರ ಕುತ್ತಿಗೆಯನ್ನು ನನ್ನದೇ ಬೆರಳಿನಿಂದ ಒತ್ತಿ ಹಿಡಿದೆ. ಟಕ್. ಕಂಪ್ಯೂಟರಿನಲ್ಲಿ ಸೈರನ್ ಚಾಲೂ ಎಂದು ಹಸಿರು ಅಕ್ಷರ ಹೊಳೆಯಿತು, ಕೆಳಗೆ ಸದ್ದಿಲ್ಲ. ಸದ್ದಿಲ್ಲ ಎಂದರೆ ಆನೆ ಇಲ್ಲ. ನಾನೇ ಹೇಳಿಕೊಟ್ಟದ್ದು. ಕೂಗದಿದ್ದರೆ ಬಾ, ರಾಣಿಯ ಹಾಗೆ ಬಾ. ಬರಬೇಡ. ಸುಮಿತಾ, ಅದು ಸುಳ್ಳು, ಬರಬೇಡ, ನಾನು ಹೇಳಿದ್ದೆಲ್ಲ ಸುಳ್ಳು, ಹುಲಿಯೂ ಸುಳ್ಳು, ಒಂದು ಹೆಜ್ಜೆ ಇಡಬೇಡ.

ಮೂರನೆಯ ಚಿತ್ರ ಬಂತು. ಅವಳು ತಿರುವಿನ ಈಚೆ ನಿಂತಿದ್ದಾಳೆ, ಕತ್ತು ಸ್ವಲ್ಪ ಮುಂದೆ, ಕೈಚೀಲ ಎದೆಗೆ ಅವುಚಿಕೊಂಡಿದ್ದಾಳೆ, ಇನ್ನೊಂದು ಕೈ ಕೆಳಗೆ, ಆ ಕೈಯಲ್ಲಿ ಏನೋ ಇದೆ. ಕಲ್ಲೋ. ಕೋಲೋ. ಮುಖ ಪರದೆಗೆ ಹತ್ತಿರ ತಂದೆ, ಚಪ್ಪಲಿ, ಅವಳ ಚಪ್ಪಲಿ, ಎರಡನ್ನೂ ಅಡಿಗೆ ಅಡಿ ಸೇರಿಸಿ ಸದ್ದಾಗದ ಹಾಗೆ ಎರಡು ಬೆರಳಿಗೆ ಸಿಕ್ಕಿಸಿಕೊಂಡಿದ್ದಾಳೆ, ಕಾಲು ಬರಿಗಾಲು. ಬಾರು ಹರಿದಿರಬೇಕು ಎಂದುಕೊಂಡೆ, ಎರಡೂ ಒಟ್ಟಿಗೆ ಹರಿಯುತ್ತವೆಯೇ, ಆನೆ ಕಂಡು ತೆಗೆದಿರಬೇಕು, ಬಗ್ಗಿ ತೆಗೆಯುವಷ್ಟು ಹೊತ್ತು ಎಲ್ಲಿತ್ತು, ಮೊದಲನೆಯ ಚಿತ್ರವನ್ನು ಹಿಂದೆ ಸರಿಸಿ ದೊಡ್ಡದು ಮಾಡಿದೆ, ಇನ್ನೂ ತಿರುವಿಗೆ ಬರುವ ಮೊದಲು, ಇನ್ನೂ ಏನೂ ಕಾಣುವ ಮೊದಲು, ಹಳದಿ ಚುಕ್ಕೆಯ ಪಕ್ಕದಲ್ಲಿ ತೂಗುತ್ತಿರುವ ಎರಡು ಕಪ್ಪು ಚುಕ್ಕೆ, ಚಪ್ಪಲಿ ಆಗಲೇ ಕೈಯಲ್ಲಿತ್ತು. ಆಗಲೇ. ಬಸ್ಸು ಇಳಿದ ಕೂಡಲೇ ತೆಗೆದು ಹಿಡಿದುಕೊಂಡವಳ ನಡೆ ಅದು, ಅವಸರ ಇಲ್ಲ, ದಿನಾ ಮಾಡುವವರ ನಡೆ, ಈ ಹೊತ್ತಿಗೆ ನಾನು ಯಾವತ್ತೂ ಪರದೆಯ ಮುಂದೆ ಕೂತವನಲ್ಲ, ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಾ ಸೈರನ್ನಿನ ಕಥೆ ಹೇಳುತ್ತಿರುತ್ತೇನೆ, ಯಂತ್ರ ಆನೆಯ ಫೋಟೋ ಮಾತ್ರ ಇಟ್ಟುಕೊಳ್ಳುತ್ತದೆ, ಮನುಷ್ಯರದ್ದನ್ನು ಇಟ್ಟುಕೊಳ್ಳುವುದಿಲ್ಲ. ಊರಿಗೆಲ್ಲ ಹೇಳಿದವಳು, ಸೈರನ್ ಮಾತ್ರ ಸತ್ಯ ಎಂದು, ನಡೆಯುವಾಗ ನಂಬಿದ್ದು ತನ್ನ ಕಿವಿಯನ್ನು. ನಾಲ್ಕನೆಯದು ಬಂತು, ಅವಳು ಒಂದು ಹೆಜ್ಜೆ ಹಿಂದಿದ್ದಾಳೆ, ಬೆನ್ನು ತಿರುಗಿಸಿಲ್ಲ, ಕಿವಿ ಹರಡಿಯೇ ಇದೆ. ಐದನೆಯದು, ಇನ್ನೊಂದು ಹೆಜ್ಜೆ ಹಿಂದೆ, ಹಲಸಿನ ಬೊಡ್ಡೆಯ ಮರೆಗೆ ಅರ್ಧ ಸೀರೆ ಹೋಗಿದೆ, ಆನೆಯ ಕಿವಿ ಮಸುಕಾಗಿದೆ, ಮಸುಕೆಂದರೆ ಅಲ್ಲಾಡಿದೆ, ಬೀಸಿದೆ, ಕಿವಿ ಬೀಸುವ ಆನೆ ಮೇಯುವ ಆನೆ, ನುಗ್ಗುವ ಆನೆ ಅಲ್ಲ, ಬೀಸು, ಬೀಸು, ಇನ್ನೊಂದು ಚಿತ್ರ ಬರಲಿ, ಇನ್ನೊಂದು — ಪ್ರಜ್ಞೇಶ ಮೇಜಿನ ಮೇಲಿಂದ ಭಾವ, ಭಾವ ಎನ್ನುತ್ತಿದ್ದಾನೆ, ಚಿತ್ರ ಬರುತ್ತಿಲ್ಲ, ಐದನೆಯದೇ ನಿಂತಿದೆ, ಬೊಡ್ಡೆಯ ಅಂಚಿನಿಂದ ಈಚೆಗೆ ಅವಳ ಒಂದು ಕೈ ಮಾತ್ರ ಕಾಣುತ್ತದೆ, ಎರಡು ಬೆರಳು, ಬೆರಳಿಗೆ ಸಿಕ್ಕಿಸಿದ ಚಪ್ಪಲಿ, ಅಡಿಗೆ ಅಡಿ ಸೇರಿಸಿ, ಸದ್ದಾಗದ ಹಾಗೆ, ಚಪ್ಪಲಿ, ಎರಡು ಬೆರಳಿಗೆ ಸಿಕ್ಕಿಸಿದ ಚಪ್ಪಲಿ